ಕೆಂಪು ಗೆರೆಯ ಗೂಟ

ಕಂಪಾಂಬನ ಕಾಲ್ಬೆರಳ ಸಂದಿಗಳು ಮಳೆಗಾಲ ಪೂರ್ತಿ ಕೊಳೆತೇ ಇರುತ್ತಿದ್ದವು. ತಾಮ್ರದ ಗಣಿಯ ಮಳೆಗಾಲುವೆಯಲ್ಲಿ ಹೂಳೆತ್ತುವುದು ಅವನ ಕೆಲಸ. ಕಲ್ಲುಗುಡ್ಡೆಗಳ ಮೇಲೆ ಬಿದ್ದ ನೀರು ಕಾಲುವೆ ಹಿಡಿದು ಕೊಳಕ್ಕೆ ಬರಬೇಕು, ಕೆಸರು ತಳಕ್ಕೆ ಕೂರಬೇಕು, ತಿಳಿನೀರಷ್ಟೇ ಕೆಳಗಿನ ಹಳ್ಳಕ್ಕೆ ಇಳಿಯಬೇಕು. ಮೊದಲು ಹನ್ನೊಂದು ಜನ ಇದ್ದರು. ಗುತ್ತಿಗೆ ಕೈ ಬದಲಾದ ಮೇಲೆ ಮೂವರು ಉಳಿದರು. ಬೂಟು ಕೇಳಿದರೆ ಮುಂದಿನ ತಿಂಗಳು ಅನ್ನುತ್ತಿದ್ದರು.

ಕೊಳದ ನಡುವೆ ಒಂದು ಗೂಟ, ಅದಕ್ಕೊಂದು ಕೆಂಪು ಗೆರೆ. ಹೂಳು ಆ ಗೆರೆ ಮುಟ್ಟಿದರೆ ಯಂತ್ರ ತರಿಸಿ ಕೊಳ ಬರಿದು ಮಾಡಬೇಕು. ಗೂಟ ನೋಡಿ ವರದಿ ಕೊಡುವವನು ಕಂಪಾಂಬ. ಆ ಸೀಮೆಯಲ್ಲಿ ಮಳೆ ನವೆಂಬರಿಗೆ ಹಿಡಿದು ಏಪ್ರಿಲಿಗೆ ಬಿಡುತ್ತದೆ. ಹೋದ ಮಳೆಗಾಲದಲ್ಲಿ ಜನವರಿಗೇ ಹೂಳು ಗೆರೆ ಮುಟ್ಟಿತು. ಓಡಿಹೋಗಿ ಮೇಲ್ವಿಚಾರಕ ಸಿಂಫುಕ್ವೆಗೆ ಹೇಳಿದ.

"ಗೂಟಾನ ಒಂದು ಮೊಳ ಮೇಲಕ್ಕೆತ್ತಿ ನೆಡು."

"ಹೂಳು ಅಲ್ಲೇ ಇರ್ತದಲ್ಲ ಸಾಹೇಬ್ರೆ?"

"ನಿನಗೆ ಸಂಬಳ ಕೊಡೋದು ಗೂಟ ನೋಡೋಕೆ. ಹೂಳು ನೋಡೋಕಲ್ಲ."

ಕಂಪಾಂಬ ಎತ್ತಿ ನೆಟ್ಟ. ಏಪ್ರಿಲ್ ಹೊತ್ತಿಗೆ ನಾಲ್ಕು ಸಲ ಎತ್ತಿದ್ದ. ಎತ್ತಿದಾಗಲೆಲ್ಲ ಗೂಟದ ತಲೆಯ ಮೇಲೆ ಚಾಕುವಿನಿಂದ ಒಂದು ಗೀರು ಹಾಕಿದ. ಹೂಳು ತೆಗೆದ ಮೇಲೆ ಅಷ್ಟು ಮೊಳ ಕೆಳಗಿಳಿಸಬೇಕಲ್ಲ, ಅದಕ್ಕೆ. ಬೇಸಿಗೆ ಕಳೆಯಿತು, ಯಂತ್ರ ಬರಲಿಲ್ಲ. ದಿನವೂ ನೋಡಿ ನೋಡಿ, ತಾನೇ ಎತ್ತಿ ನೆಟ್ಟ ಗೂಟವನ್ನು ತಾನೇ ನಂಬಿಬಿಟ್ಟ.

ನವೆಂಬರಿನ ಒಂದು ಬೆಳಿಗ್ಗೆ ಅವನ ಅಕ್ಕ ಗುದ್ದಲಿ ಹೆಗಲಿಗೇರಿಸಿ ಬಂದಳು. ಮಗಳ ಹೆಸರು ಮ್ವೀಲಾ, ಆದ್ದರಿಂದ ಊರಿಗೆಲ್ಲ ಅವಳು ಬಾನಾ ಮ್ವೀಲಾ, ಮ್ವೀಲಾಳ ತಾಯಿ. ಮೋಡ ಕಟ್ಟಿತ್ತು. ಮೊದಲ ಮಳೆಗೇ ಜೋಳದ ಬೀಜ ಮಣ್ಣಿಗೆ ಬೀಳಬೇಕು. ಒಂದು ದಿನ ತಡ ಮಾಡಿದವಳನ್ನು ಕೊಯ್ಲಿನವರೆಗೂ ಆಡಿಕೊಳ್ಳುತ್ತಾರೆ.

"ತಗ್ಗಿನ ಹೊಲಕ್ಕೆ ಇಳೀಲೇನೋ ತಮ್ಮಾ? ನಿಮ್ಮ ಕೊಳದ ಏರಿ ತಡೀತದಾ?"

"ಗೆರೆ ಇನ್ನೂ ಒಂದು ಮೊಳ ಮೇಲೈತೆ. ಹೋಗಕ್ಕ."

"ನಿನ್ನ ಮಾತಲ್ಲ, ಗೂಟದ ಮಾತು ನಂಬಿ ಹೋಗ್ತೀನಿ," ಎಂದು ನಕ್ಕು ಹೋದಳು.

ಮಧ್ಯಾಹ್ನ ಮಳೆ ಹೊಯ್ಯಿತು. ಕೊಳದಲ್ಲಿ ನೀರಿಗೆ ಜಾಗವೇ ಇರಲಿಲ್ಲ. ಏರಿ ಒಡೆದು ಕೆಸರು ತಗ್ಗಿಗೆ ನುಗ್ಗಿತು. ಮರುದಿನ ಜೊಂಡಿನ ನಡುವೆ ಬಾನಾ ಮ್ವೀಲಾ ಸಿಕ್ಕಳು. ಬೀಜದ ಗಂಟು ಸೊಂಟದಲ್ಲೇ ಇತ್ತು.

ಸಾವಿನ ಮನೆಯಲ್ಲಿ ಕಂಪಾಂಬನ ಮುದಿತಾಯಿಯೂ ಉಳಿದ ಹೆಂಗಸರೂ ಒಳಗೆ ನೆಲದ ಮೇಲೆ ಕಾಲು ಚಾಚಿ ಕೂತು ಅಳುತ್ತಿದ್ದರು. ಗಂಡಸರು ಹೊರಗೆ ಮಾವಿನ ಮರದಡಿ ಬೆಂಕಿಯ ಸುತ್ತ ಕೂತಿದ್ದರು. ಸಿಂಫುಕ್ವೆ ಶವಪೆಟ್ಟಿಗೆ ತಂದ, ಆರು ಮೂಟೆ ಜೋಳದ ಹಿಟ್ಟು ತಂದ, ಜೊತೆಗೊಂದು ಕಾಗದವನ್ನೂ ತಂದ. ಕೆಂಪು ಗೆರೆ ಮುಳುಗಿರಲಿಲ್ಲ, ಇದು ದೇವರ ಮಳೆ ಎಂದು ಅದರಲ್ಲಿ ಬರೆದಿತ್ತು. ಗೂಟ ನೋಡುವವನು ರುಜು ಹಾಕಬೇಕಿತ್ತು.

"ಬರೆದಿರೋದು ಸುಳ್ಳಲ್ಲವಲ್ಲ," ಎಂದ ಸಿಂಫುಕ್ವೆ. "ಗೆರೆ ಮುಳುಗಿತ್ತಾ?"

ಇಲ್ಲ, ಗೆರೆ ಮುಳುಗಿರಲಿಲ್ಲ. ಕಂಪಾಂಬ ಎದ್ದು ಗಣಿಯ ಕಡೆ ನಡೆದ. ಮೊಣಕಾಲುದ್ದ ಕೆಸರಿಗಿಳಿದು ಗೂಟ ಕಿತ್ತು ಹೆಗಲ ಮೇಲೆ ಹೊತ್ತು ತಂದ. ಗಂಡಸರನ್ನೂ ಸಿಂಫುಕ್ವೆಯನ್ನೂ ದಾಟಿ, ಗಂಡಸು ಕಾಲಿಡಬಾರದ ಕೋಣೆಗೆ ಹೋಗಿ ತಾಯಿಯ ಮುಂದೆ ಇಟ್ಟ.

"ನಾನೇ ಎತ್ತಿದ್ದು ಅವ್ವ. ಅವರು ಹೇಳಿದ್ರು, ನಾನು ಎತ್ತಿದೆ, ಎತ್ತಿದಾಗೆಲ್ಲ ಒಂದು ಗೀರು ಹಾಕಿದೆ. ಅಕ್ಕನ್ನ ಹೋಗು ಅಂದವನೂ ನಾನೇ."

ಅಳು ನಿಂತಿತು. ಮುದುಕಿ ಗೀರುಗಳ ಮೇಲೆ ಬೆರಳಾಡಿಸಿದಳು. ಒಂದು, ಎರಡು, ಮೂರು, ನಾಲ್ಕು. ಗೂಟವನ್ನು ಎಳೆದು ತನ್ನ ಚಾಚಿದ ಕಾಲುಗಳ ಕೆಳಗಿಟ್ಟುಕೊಂಡಳು. ಹೆಂಗಸರು ಸರಿದು ಅವಳ ಸುತ್ತ ಒತ್ತಾಗಿ ಕೂತರು.

ಸಿಂಫುಕ್ವೆ ಹೊಸ್ತಿಲಾಚೆಯಿಂದ, ಅದು ಕಂಪನಿಯ ಸೊತ್ತು, ಕೊಡಿ ಎಂದ.

"ನೀನು ಒಳಗೆ ಬರಂಗಿಲ್ಲ, ನಾನು ಏಳಂಗಿಲ್ಲ," ಎಂದಳು ಮುದುಕಿ. "ನಿನ್ನ ಮೇಲಿನವರನ್ನ ಕರ್ಕೊಂಡು ಬಾ. ಪೊಲೀಸ್ರನ್ನೂ ಕರ್ಕೊಂಡು ಬಾ. ಎಲ್ಲರ ಮುಂದೆ ಎಣಿಸಿ ತೋರಿಸ್ತೀನಿ. ಆ ಹಿಟ್ಟನ್ನ ತಗೊಂಡು ಹೋಗು, ಇಲ್ಲಿ ಯಾರೂ ಅದನ್ನ ಬೇಯಿಸಲ್ಲ."

ಕಂಪಾಂಬ ಅವಳ ಪಕ್ಕ ಕೂರಹೋದ. ಅವಳು ಅವನ ಮುಖ ನೋಡಲಿಲ್ಲ.

"ನೀನೂ ಆಚೆ ಕೂತ್ಕೋ ಮಗಾ. ನಾನು ಕರೆಯೋವರೆಗೂ ಒಳಗೆ ಬರಬೇಡ."

ಅವನು ಹೊರಗೆ ಹೋಗಿ ಸೂರಿನ ನೀರು ಬೀಳುವ ಜಾಗದಲ್ಲಿ ಕೂತ. ಅವಳು ಇನ್ನೂ ಕರೆದಿಲ್ಲ.