ಹದಿನೆಂಟನೆಯ ಮೇಣದಬತ್ತಿ

ತಾರೀಖು ಬದಲಾಯಿಸು ಎಂದು ನೆನಿತಾಳಿಗೆ ಹೇಳಿದವಳು ನಾನೇ. ಇದನ್ನು ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ಇಪ್ಪತ್ತೆರಡು ವರ್ಷದಿಂದ ಅಲಾಸ್ಕಾದ ಈ ಕೋಡಿಯಾಕ್ ದ್ವೀಪದ ಮೀನಿನ ಕಾರ್ಖಾನೆಯಲ್ಲಿ ಮೀನು ಸೀಳುತ್ತಿದ್ದೇನೆ, ಬಿಡುವಿದ್ದಾಗ ನಮ್ಮ ಹೆಣ್ಣುಮಕ್ಕಳಿಗೆ ಗೌನು ಹೊಲಿಯುತ್ತೇನೆ, ಉಳಿದ ಹೊತ್ತಿನಲ್ಲಿ ಯಾರೂ ಕೇಳದಿದ್ದರೂ ಬುದ್ಧಿ ಹೇಳುತ್ತೇನೆ. ಆ ಮೂರನೆಯ ಕೆಲಸಕ್ಕೆ ಬೆಂಕಿ ಹಾಕ.

ನೆನಿತಾ ನನ್ನ ಪಕ್ಕದಲ್ಲೇ ನಿಂತು ಮೀನು ಸೀಳುವವಳು. ನನ್ನ ಹಾಗೆ ಫಿಲಿಪ್ಪೀನ್ಸ್‌ನವಳು, ಇಲೋಯಿಲೋ ಕಡೆಯವಳು, ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ಅಕ್ಕಾ ಎಂದೇ ಕರೆಯುತ್ತಾಳೆ. ಅವಳ ಮಗಳು ಮೇರಿಡೆಲ್ ನನ್ನನ್ನು ನಿನಾಂಗ್ ಎನ್ನುತ್ತಾಳೆ. ಚರ್ಚಿನಲ್ಲಿ ಅವಳ ಹೆಗಲ ಮೇಲೆ ಕೈಯಿಟ್ಟು ಧರ್ಮತಾಯಿಯಾದವಳು ನಾನು. ಆ ಹುಡುಗಿ ಒಂಬತ್ತು ವರ್ಷದವಳಿದ್ದಾಗ ತಾಯಿಯ ಜೊತೆ ಇಲ್ಲಿಗೆ ಬಂದಳು. ಕರೆಸಿಕೊಂಡವನು ವೆರ್ನ್, ನೆನಿತಾಳ ಎರಡನೆಯ ಗಂಡ. ಅವನು ಇದೇ ದ್ವೀಪದಲ್ಲಿ ಹುಟ್ಟಿ, ಇಲ್ಲೇ ದೋಣಿ ಕಟ್ಟಿಕೊಂಡು, ಇಲ್ಲೇ ಮುದುಕನಾಗುತ್ತಿರುವ ಅಮೆರಿಕದವನು. ತಾಯಿ ಮಗಳಿಬ್ಬರಿಗೂ ಗ್ರೀನ್ ಕಾರ್ಡ್ ಬಂದದ್ದು ಅವನಿಂದ. ಅಪ್ಪ ಅಮೆರಿಕದವನಾದ ಮೇಲೆ ಮಗಳೂ ಅಮೆರಿಕದವಳೇ ಎಂದು ನಾವೆಲ್ಲರೂ ನಂಬಿದ್ದೆವು. ಯಾರೂ ಯಾರನ್ನೂ ಕೇಳಲಿಲ್ಲ. ಗೊತ್ತಿದ್ದದ್ದನ್ನು ಯಾಕೆ ಕೇಳಬೇಕು?

ನೆನಿತಾ ಮಾತ್ರ ತನ್ನ ಪೌರತ್ವಕ್ಕೆ ಅರ್ಜಿ ಹಾಕಿದ್ದಳು. ಮೀನಿನ ಮೇಜಿನ ಮುಂದೆ ನಿಂತು ನಾನು ಪ್ರಶ್ನೆ ಕೇಳುವುದು, ಅವಳು ಉತ್ತರ ಹೇಳುವುದು, ಹೀಗೆ ಮಾಡಿ ಮಾಡಿಯೇ ಪರೀಕ್ಷೆ ಪಾಸಾದಳು. ಸಮುದ್ರದಾಚೆಯ ಆಂಕರೇಜ್ ಪಟ್ಟಣದಲ್ಲಿ ಮೇ ಮೂರಕ್ಕೆ ಪ್ರಮಾಣ ಸ್ವೀಕರಿಸಬೇಕು ಎಂದು ಕಾಗದ ಬಂತು. ಮೇ ಹದಿನೆಂಟು, ಶನಿವಾರ, ಮೇರಿಡೆಲ್‌ಗೆ ಹದಿನೆಂಟು ತುಂಬುವ ದಿನ. ಅವತ್ತು ಅವಳ ದೆಬೂ.

ನಮ್ಮಲ್ಲಿ ಹೆಣ್ಣುಮಗುವಿಗೆ ಹದಿನೆಂಟು ತುಂಬುವುದೆಂದರೆ ಮದುವೆಗಿಂತ ಒಂದು ಕೈ ಮೇಲೆ. ಹದಿನೆಂಟು ಗಂಡಸರು ಒಂದೊಂದು ಗುಲಾಬಿ ಕೊಟ್ಟು ಅವಳ ಜೊತೆ ಕುಣಿಯಬೇಕು. ಹದಿನೆಂಟು ಹೆಂಗಸರು ಒಬ್ಬೊಬ್ಬರಾಗಿ ಬಂದು, ಮನಸ್ಸಿನಲ್ಲಿದ್ದದ್ದನ್ನು ಎಲ್ಲರೆದುರು ಹೇಳಿ, ಒಂದೊಂದು ಮೇಣದಬತ್ತಿ ಹಚ್ಚಬೇಕು. ಕೊನೆಯದು ತಾಯಿಯದು. ನೆನಿತಾ ಆ ಒಂದು ಮೇಣದಬತ್ತಿಗೋಸ್ಕರ ಹದಿನೆಂಟು ವರ್ಷದಿಂದ ಕಾದಿದ್ದಳು.

"ಅಕ್ಕಾ, ಮೂರನೇ ತಾರೀಖು ಹೋಗಿ ಬಂದ್ಬಿಡ್ಲಾ?" ಎಂದು ಕೇಳಿದಳು.

"ತಲೆ ಕೆಟ್ಟಿದ್ಯಾ ನಿಂಗೆ?" ಎಂದೆ. "ಮನೇಲಿ ದೊಡ್ಡ ಕಾರ್ಯ ಇಟ್ಕೊಂಡು ಯಾರಾದ್ರೂ ನೀರು ದಾಟ್ತಾರಾ? ಕಾರ್ಯ ಮುಗಿಯೋವರೆಗೂ ಮನೆಯೋರು ಊರು ಬಿಡಬಾರ್ದು. ನಮ್ಮ ಸೋದರತ್ತೆ ಮಗಳ ಕಥೆ ಮರೆತ್ಯಾ? ಮದುವೆಗೆ ವಾರ ಇರೋವಾಗ ಬಸ್ಸು ಹತ್ತಿ ಕಾಲು ಮುರ್ಕೊಂಡ್ಲು."

"ಸರ್ಕಾರದ ಕಾಗದ ಅಲ್ವಾ ಅಕ್ಕಾ..."

"ಸರ್ಕಾರ ಎಲ್ಲಿಗೂ ಓಡಿಹೋಗಲ್ಲ. ದೆಬೂ ಮುಗಿದ ಮೇಲಿನ ತಾರೀಖು ಕೊಡಿ ಅಂತ ಬರಿ. ನಿನ್ನೊಬ್ಬಳ ವಿಷಯ ತಾನೆ?"

ಅವಳು ಬರೆದಳು. ಹೊಸ ತಾರೀಖು ಬಂತು: ಮೇ ಇಪ್ಪತ್ತು, ಸೋಮವಾರ. ನೋಡಿದ್ಯಾ, ನನ್ನ ಮಾತು ಕೇಳಿದರೆ ಎಲ್ಲ ಸುಸೂತ್ರ ಎಂದು ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಮೇ ಆರನೇ ತಾರೀಖು ಮೇರಿಡೆಲ್‌ಳ ಶಾಲೆಯಿಂದ ಕರೆ ಬಂತು. ಕರಾವಳಿ ಕಾವಲು ಪಡೆಯ ಅಧಿಕಾರಿಗಳನ್ನು ತಯಾರು ಮಾಡುವ ಶಾಲೆಯಲ್ಲಿ ಅವಳಿಗೆ ಜಾಗ ಸಿಕ್ಕಿತ್ತು. ಚಿಕ್ಕಂದಿನಿಂದ ಅವಳಿಗೆ ಅದೊಂದೇ ಹುಚ್ಚು. ವೆರ್ನ್‌ನ ದೋಣಿ ಒಮ್ಮೆ ಬಿರುಗಾಳಿಗೆ ಸಿಕ್ಕಾಗ ಕಿತ್ತಳೆ ಬಣ್ಣದ ಹೆಲಿಕಾಪ್ಟರ್ ಬಂದು ಅವನನ್ನು ಎತ್ತಿಕೊಂಡು ಹೋಗಿತ್ತು. ಅದನ್ನು ದಡದಲ್ಲಿ ನಿಂತು ನೋಡಿದವಳು ಆ ಹುಡುಗಿ. ಜುಲೈ ಒಂದಕ್ಕೆ ಸೇರಬೇಕು, ಪೌರತ್ವದ ದಾಖಲೆ ಕೊಡಬೇಕು ಎಂದಿದ್ದರು. ವೆರ್ನ್ ತನ್ನ ಜನನ ಪತ್ರ ಹಿಡಿದುಕೊಂಡು ಹೊರಟ. ನೆನಿತಾಳಿಗೆ ಕಚೇರಿ ಎಂದರೆ ನಾಲಗೆ ಒಣಗುತ್ತದೆ, ಅದಕ್ಕೆ ನಾನೂ ಹೋದೆ.

ಮಕ್ಕಳ ಮುಂದಿನ ಓದಿನ ವಿಚಾರ ನೋಡಿಕೊಳ್ಳುವ ಟೀಚರು ಮಿಸೆಸ್ ಟೋರ್ಸೆನ್ ಆ ಪತ್ರವನ್ನು ಎರಡು ಸಲ ಓದಿದರು.

"ವೆರ್ನ್, ನೀವು ಮೇರಿಡೆಲ್‌ನ ದತ್ತು ತಗೊಂಡಿದೀರಾ?"

"ಇಲ್ಲ. ಅವಳ ಅಪ್ಪ ಇನ್ನೂ ಬದುಕಿದಾನೆ, ಹಡಗಲ್ಲಿ ಕೆಲಸ ಮಾಡ್ತಾನೆ. ಬದುಕಿರೋ ಮನುಷ್ಯನ ಕೈಯಿಂದ ಮಗೂನ ಕಿತ್ಕೊಳ್ಳೋದು ಸರಿ ಅನ್ನಿಸ್ಲಿಲ್ಲ."

"ಹದಿನಾರರ ಒಳಗೆ ದತ್ತು ಆಗಿದ್ರೆ ಬೇರೆ ಮಾತು. ಮಲತಂದೆ ಪ್ರಜೆ ಆದ ಮಾತ್ರಕ್ಕೆ ಮಗಳು ಪ್ರಜೆ ಆಗಲ್ಲ."

ವೆರ್ನ್ ಪತ್ರವನ್ನು ತಿರುಗಿಸಿ ನೋಡಿದ, ಹಿಂದುಗಡೆ ಬೇರೇನಾದರೂ ಬರೆದಿದೆಯೇನೋ ಎಂಬಂತೆ. "ನಾನು ಇಲ್ಲೇ ಹುಟ್ಟಿದೋನು. ನಮ್ಮಪ್ಪನೂ ಇಲ್ಲೇ. ಇದ್ರಿಂದ ಅವಳಿಗೆ ಏನೂ ಇಲ್ವಾ?"

"ಗ್ರೀನ್ ಕಾರ್ಡ್ ಬಂದಿದ್ದು ಇದ್ರಿಂದಲೇ. ಅಲ್ಲಿಗೆ ಇದರ ಕೆಲಸ ಮುಗೀತು." ಆಮೇಲೆ ಆಕೆ ನೆನಿತಾಳ ಕಡೆ ತಿರುಗಿದರು. "ನಿಮ್ಮಿಂದ ಆಗುತ್ತೆ. ಮಗಳಿಗೆ ಹದಿನೆಂಟು ತುಂಬೋದ್ರೊಳಗೆ ಹೆತ್ತ ತಾಯಿ ಪ್ರಮಾಣ ತಗೊಂಡ್ರೆ, ಆ ಕ್ಷಣಕ್ಕೇ ಮಗಳೂ ಪ್ರಜೆ. ಬೇರೆ ಅರ್ಜಿನೂ ಬೇಡ. ನಿಮ್ಮ ಪ್ರಮಾಣ ಯಾವತ್ತು?"

"ಇಪ್ಪತ್ತಕ್ಕೆ," ಎಂದಳು ನೆನಿತಾ.

"ಮೇರಿಡೆಲ್, ನಿನ್ನ ಹುಟ್ಟಿದ ಹಬ್ಬ?"

"ಹದಿನೆಂಟಕ್ಕೆ."

ಮಿಸೆಸ್ ಟೋರ್ಸೆನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹದಿನೆಂಟು ತುಂಬಿದ ಮೇಲೆ ತಾಯಿಯ ಪ್ರಮಾಣದಿಂದ ಮಗಳಿಗೆ ಏನೂ ಬರುವುದಿಲ್ಲ, ಅವಳೇ ಬೇರೆ ಅರ್ಜಿ ಹಾಕಿಕೊಂಡು ತಿಂಗಳುಗಟ್ಟಲೆ ಕಾಯಬೇಕು, ಜುಲೈ ಒಂದು ಅಷ್ಟರಲ್ಲಿ ಎಂದೋ ದಾಟಿರುತ್ತದೆ ಎಂದು ನಿಧಾನವಾಗಿ ಹೇಳಿದರು. ಮೇ ಮೂರು ಕಳೆದು ಮೂರೇ ದಿನವಾಗಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದಿದ್ದರೆ ಆ ಹುಡುಗಿ ಆಗಲೇ ಈ ದೇಶದವಳಾಗಿರುತ್ತಿದ್ದಳು.

"ಇಷ್ಟು ತಡವಾದ ತಾರೀಖು ಯಾಕೆ ಕೊಟ್ರು?" ಎಂದು ಆಕೆ ಕೇಳಿದರು.

ನಾನು ನೆಲ ನೋಡಿದೆ. ನೆನಿತಾ ನನ್ನ ಕಡೆ ತಿರುಗಿಯೂ ನೋಡದೆ, "ನಾನೇ ಕೇಳ್ಕೊಂಡೆ," ಎಂದಳು.

ಮಿಸೆಸ್ ಟೋರ್ಸೆನ್ ಅವತ್ತೇ ಆಂಕರೇಜ್ ಕಚೇರಿಗೆ ಕಾಗದ ಬರೆದು, ಹುಟ್ಟಿದ ದಿನದ ದಾಖಲೆ ಸೇರಿಸಿ ಕಳಿಸಿದರು. ಆಮೇಲೆ ಕಾಯುವುದು. ಮಂಗಳವಾರ ಇಲ್ಲ, ಬುಧವಾರ ಇಲ್ಲ. ನಾನು ಮೀನು ಸೀಳುವಾಗ ಕೈ ಕುಯ್ದುಕೊಂಡೆ. ಊಟದ ಹೊತ್ತಿನಲ್ಲಿ ನೆನಿತಾ ಫೋನನ್ನು ಅನ್ನದ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಒಂದು ತುತ್ತೂ ತಿನ್ನದೆ ಎದ್ದು ಹೋಗುತ್ತಿದ್ದಳು. ಒಂದು ಸಲವಾದರೂ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲೇ ಇಲ್ಲ ಮಹಾತಾಯಿ. ಬದಲಿಗೆ ಗೌನಿಗೆ ಮಣಿ ಸಾಕಾ ಅಕ್ಕಾ ಎಂದು ಕೇಳುತ್ತಿದ್ದಳು.

ಹದಿನಾಲ್ಕನೇ ತಾರೀಖು ಉತ್ತರ ಬಂತು. ಶುಕ್ರವಾರ, ಹದಿನೇಳಕ್ಕೆ, ಮಧ್ಯಾಹ್ನ ಒಂದು ಗಂಟೆಗೆ ಬನ್ನಿ. ಮೇರಿಡೆಲ್ ಕಾರ್ಖಾನೆಯ ಬಾಗಿಲಿಗೇ ಓಡಿ ಬಂದು ಅಮ್ಮನನ್ನು ಮೀನಿನ ರಕ್ತದ ಏಪ್ರನ್ ಸಮೇತ ಅಪ್ಪಿಕೊಂಡಳು. ವೆರ್ನ್ ಬುಧವಾರಕ್ಕೇ ಮೂರು ಟಿಕೆಟ್ ತೆಗೆದ.

ಬುಧವಾರ ಮಂಜು ಇಳಿಯಿತು. ಇಲ್ಲಿ ಮಂಜು ಇಳಿದರೆ ವಿಮಾನವಿಲ್ಲ, ಅಷ್ಟೇ. ಗುರುವಾರ ಇನ್ನೂ ದಟ್ಟ. ಹಡಗು ಹಿಂದಿನ ಸೋಮವಾರವೇ ಹೋಗಿಬಿಟ್ಟಿತ್ತು. ವೆರ್ನ್ ತನ್ನ ದೋಣಿಯಲ್ಲೇ ಕರೆದುಕೊಂಡು ಹೋಗುತ್ತೇನೆಂದು ಹೊರಟ, ಹೊರಗೆ ಅಲೆ ನೋಡಿ ವಾಪಸ್ಸು ಬಂದ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಸ್ವಲ್ಪ ತಿಳಿಯಾಯಿತು. ವಿಮಾನ ನಿಲ್ದಾಣದಲ್ಲಿ ಎರಡು ದಿನದ ಜನ ಸಾಲುಗಟ್ಟಿದ್ದರು. ಕೌಂಟರಿನ ಹೆಂಗಸು ನೆನಿತಾಳ ಕಾಗದ ನೋಡಿ, ಒಳಗೆ ಹೋಗಿ ಬಂದು ಹೇಳಿದಳು: "ಒಂದೇ ಸೀಟಿದೆ. ಯಾರು ಹೋಗ್ತೀರ? ಬೇಗ."

"ಮೇರಿಡೆಲ್ ಹೋಗ್ಲಿ," ಎಂದಳು ನೆನಿತಾ. "ಅವಳ ವಿಷಯ ತಾನೆ ಇದು? ಇಂಗ್ಲಿಷೂ ಚೆನ್ನಾಗಿ ಬರುತ್ತೆ."

"ಅವಳು ಹೋಗಿ ಅಲ್ಲಿ ಏನ್ ಮಾಡ್ತಾಳೆ?" ನಾನು ಕಿರುಚಿದೆ. "ಕೈ ಎತ್ತಿ ಪ್ರಮಾಣ ಮಾಡ್ಬೇಕಾದೋಳು ನೀನು ಕಣೇ!"

"ಒಬ್ಳೇನಾ?" ಒಂಬತ್ತು ವರ್ಷದಲ್ಲಿ ಅವಳು ವೆರ್ನ್ ಜೊತೆಯಿಲ್ಲದೆ ಈ ದ್ವೀಪ ದಾಟಿರಲಿಲ್ಲ. ನನ್ನ ತೋಳು ಹಿಡಿದುಕೊಂಡಳು. "ಅಕ್ಕಾ, ಕಾರ್ಯ ಮುಗಿಯೋವರೆಗೂ ನೀರು ದಾಟಬಾರ್ದು ಅಂತ ನೀನೇ ಹೇಳಿದ್ದೆ. ನಂಗೇನಾದ್ರೂ ಆದ್ರೆ ಇವಳ ಗತಿ?"

"ನಾನು ಹೇಳಿದ್ದೆಲ್ಲ ಸುಳ್ಳು. ಕಾಲು ಮುರ್ಕೊಂಡ್ಲು ಅಂದ್ನಲ್ಲ, ಅವಳು ಬಸ್ಸಿಂದ ಬೀಳ್ಲಿಲ್ಲ, ಮಾವಿನ ಮರದಿಂದ ಬಿದ್ಲು. ನಡಿ ಈಗ!"

ಮೇರಿಡೆಲ್ ಅಮ್ಮನ ಕೊರಳಪಟ್ಟಿ ಸರಿಮಾಡಿದಳು, ಗ್ರೀನ್ ಕಾರ್ಡ್ ಚೀಲದಲ್ಲಿದೆಯಾ ಎಂದು ಮೂರು ಸಲ ನೋಡಿದಳು. "ಅಮ್ಮಾ, ಭಯ ಆದ್ರೆ ಪಕ್ಕದೋರು ಹೇಳಿದ್ದನ್ನೇ ಹೇಳು. ಎಲ್ರೂ ಒಟ್ಟಿಗೆ ಹೇಳ್ತಾರೆ." ನೆನಿತಾ ತಿರುಗಿ ತಿರುಗಿ ನೋಡುತ್ತಾ ಹೋದಳು. ವಿಮಾನ ಹಾರಿತು, ಅದರ ಹಿಂದೆಯೇ ಮಂಜು ಮತ್ತೆ ಮುಚ್ಚಿಕೊಂಡಿತು.

ಚರ್ಚಿನ ಸಭಾಂಗಣದಲ್ಲಿ ಮರುದಿನದ ಅಲಂಕಾರ ನಡೆದಿತ್ತು. ನಾನು ಮೇರಿಡೆಲ್‌ಳನ್ನು ಕುರ್ಚಿಯ ಮೇಲೆ ನಿಲ್ಲಿಸಿ ಗೌನಿನ ಅಂಚು ಹೊಲಿಯುತ್ತಿದ್ದೆ. ಒಂದು ಗಂಟೆಯಾಯಿತು. ನನ್ನ ಸೂಜಿ ಎಲ್ಲೆಲ್ಲೋ ಹೋಗುತ್ತಿತ್ತು. ಎರಡಾಯಿತು. ಫೋನಿಲ್ಲ. ವೆರ್ನ್ ಕಾಗದದ ಹೂವು ಕಟ್ಟಲು ಏಣಿ ಹತ್ತಿದವನು ಹೂವು ಕಟ್ಟದೆ ಹಾಗೇ ಇಳಿದ. ಎರಡೂವರೆ. ಮೂರು.

"ನಿನಾಂಗ್, ಅಮ್ಮ ತಪ್ಪು ಕಟ್ಟಡಕ್ಕೆ ಹೋಗಿದ್ರೆ?"

"ಸುಮ್ನಿರು, ಅಲ್ಲಾಡಬೇಡ."

"ಬಾಗಿಲು ಹಾಕಿಬಿಟ್ಟಿದ್ರೆ?"

"ಸುಮ್ನಿರು ಅಂದ್ನಲ್ಲಾ!" ಎಂದೆ, ಹೇಳಿದವಳೇ ಅತ್ತುಬಿಟ್ಟೆ. ಮಾತೆ ಮರಿಯಳೇ, ಈ ಮಗುವಿನ ಜಾಗ ಉಳಿಸು, ಬೇಕಾದರೆ ನನ್ನ ನಾಲಗೆ ತಗೋ ಎಂದು ಬೇಡಿಕೊಂಡೆ.

ಮೂರು ನಲವತ್ತಕ್ಕೆ ಫೋನು ಬಡಿದುಕೊಂಡಿತು. ಮೇರಿಡೆಲ್ ಅದನ್ನು ಜೋರಾಗಿ ಕೇಳಿಸುವಂತೆ ಇಟ್ಟಳು.

"ಒಳಗೆ ಫೋನು ಆರಿಸಿ ಅಂದ್ರು, ಆಮೇಲೆ ಹಚ್ಚೋದು ಹೇಗೆ ಅಂತ ಗೊತ್ತಾಗ್ಲಿಲ್ಲ," ನೆನಿತಾ ಅಳುತ್ತಿದ್ದಳೋ ನಗುತ್ತಿದ್ದಳೋ. "ಹೇಳ್ದೆ. ಎಲ್ಲಾ ಹೇಳ್ದೆ. ಕಾರ್ಡ್ ವಾಪಸ್ ತಗೊಂಡ್ರು, ಪತ್ರ ಕೊಟ್ರು. ಅದ್ರಲ್ಲಿ ಇವತ್ತಿನ ತಾರೀಖೇ ಇದೆ, ಹತ್ತು ಸಲ ನೋಡ್ದೆ."

ವೆರ್ನ್ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಟೋಪಿಯಿಂದ ಮುಖ ಮುಚ್ಚಿಕೊಂಡ. ಕುರ್ಚಿಯ ಮೇಲೆ ನಿಂತಿದ್ದ ಹುಡುಗಿ ತನ್ನ ಎರಡೂ ಕೈ ನೋಡಿಕೊಂಡಳು. ಏನೂ ಬದಲಾಗಿರಲಿಲ್ಲ.

ಮಂಜು ಶನಿವಾರವೂ ಎದ್ದೇಳಲಿಲ್ಲ. ನೆನಿತಾ ಆಂಕರೇಜ್‌ನ ನಿಲ್ದಾಣದಲ್ಲೇ ಕುಳಿತಿದ್ದಳು. ದೆಬೂ ಮುಂದಕ್ಕೆ ಹಾಕೋಣ ಎಂದರೆ ಅವಳೇ ಫೋನಿನಲ್ಲಿ ಗದರಿದಳು, ಹುಟ್ಟಿದ ದಿನ ಮುಂದಕ್ಕೆ ಹೋಗುತ್ತಾ, ಹಂದಿ ಸುಟ್ಟಾಗಿದೆ, ಜನ ಬಂದಾಗಿದೆ, ಶುರುಮಾಡಿ ಎಂದಳು. ಸಂಜೆ ಹದಿನೇಳು ಗಂಡಸರು ಕುಣಿದರು. ಹದಿನೆಂಟನೆಯವನು ವೆರ್ನ್, ಅವನಿಗೆ ಕುಣಿತ ಬರುವುದಿಲ್ಲ, ಮಗಳನ್ನು ಹಿಡಿದುಕೊಂಡು ದೋಣಿಯಲ್ಲಿ ನಿಂತವನ ಹಾಗೆ ಆ ಕಡೆ ಈ ಕಡೆ ತೂಗಿದ. ಆಮೇಲೆ ಮೇಣದಬತ್ತಿ. ಹದಿನೇಳನೆಯದು ನನ್ನದು. ಜೀವನದಲ್ಲಿ ಮೊದಲ ಸಲ ನನಗೆ ಮಾತು ಹೊರಡಲಿಲ್ಲ, ಹಚ್ಚಿ ಕೆಳಗಿಳಿದೆ.

"ಕೊನೇದನ್ನೂ ನೀನೇ ಹಚ್ಚು ಚೊಲೆಂಗ್, ತಾಯಿ ಸ್ಥಾನ ನಿಂದೇ," ಎಂದು ಯಾರೋ ಕೂಗಿದರು.

ನಾನಾ? ಆ ತಾಯಿಯನ್ನು ಈ ಸಭೆಯಿಂದ ಹೊರಗಿಟ್ಟವಳು ನಾನು. ಮೇರಿಡೆಲ್ ಬೇಡವೆಂದು ತಲೆಯಾಡಿಸಿ, ಹಚ್ಚದ ಮೇಣದಬತ್ತಿಯನ್ನು ಕೈಗೆ ತೆಗೆದುಕೊಂಡಳು.

ಸೋಮವಾರ, ಇಪ್ಪತ್ತನೇ ತಾರೀಖು, ಮಧ್ಯಾಹ್ನ ವಿಮಾನ ಇಳಿಯಿತು. ಮೇರಿಡೆಲ್ ಶಾಲೆಗೆ ಹೋಗದೆ, ಗೌನು ತೊಟ್ಟು, ಕೆಳಗೆ ರಬ್ಬರ್ ಬೂಟು ಹಾಕಿಕೊಂಡು ನಿಲ್ದಾಣಕ್ಕೆ ಬಂದಿದ್ದಳು. ನೆನಿತಾ ಮೂರು ದಿನದ ಅದೇ ಬಟ್ಟೆಯಲ್ಲಿ ಹೊರಗೆ ಬಂದಳು. ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಸುತ್ತ ಒಂದು ಸುತ್ತು ಬಂದಳು, ಕೊನೆಗೆ ನನ್ನ ಕಡೆ ತಿರುಗಿದಳು.

"ಅಂಚು ಸೊಟ್ಟಗಿದೆ ಅಕ್ಕಾ."

"ಶುಕ್ರವಾರ ಮಧ್ಯಾಹ್ನ ಹೊಲಿದಿದ್ದು," ಎಂದೆ. ಆಮೇಲೆ ತಡೆಯಲಾಗಲಿಲ್ಲ. "ನೆನಿತಾ, ನಾನು ತಾರೀಖು ಬದಲಾಯಿಸು ಅನ್ನದೇ ಇದ್ದಿದ್ರೆ ನೀನು ಶನಿವಾರ ಇಲ್ಲಿರ್ತಿದ್ದೆ. ನಿನ್ನ ದಿನ ಹಾಳು ಮಾಡ್ದೆ ಕಣೇ. ಬೈದುಬಿಡು."

"ಬೈತೀನಿ, ಇವತ್ತಲ್ಲ. ಮೀನು ಸೀಳ್ತಾ ಬೈತೀನಿ, ಬೇಜಾರು ಕಳೆಯುತ್ತೆ," ಎಂದು ನನ್ನ ಕೆನ್ನೆ ಹಿಂಡಿದಳು.

ಹೊರಗೆ ಗಾಳಿ ಬಿರುಸಾಗಿತ್ತು. ನಾಲ್ವರೂ ವೆರ್ನ್‌ನ ಗಾಡಿಯೊಳಗೆ ಗೌನು ಮಡಚಿಕೊಂಡು ತುರುಕಿಕೊಂಡೆವು. ಮೇರಿಡೆಲ್ ಮೇಣದಬತ್ತಿಯನ್ನು ಅಮ್ಮನ ಕೈಗಿಟ್ಟಳು.

"ಇದೊಂದು ಬಾಕಿ ಇದೆ. ಮೊದ್ಲು ಏನಾದ್ರೂ ಹೇಳ್ಬೇಕು ಅಮ್ಮಾ, ಆಮೇಲೆ ಹಚ್ಚೋದು."

ಹದಿನೆಂಟು ವರ್ಷದಿಂದ ನೆನಿತಾ ಆ ಮಾತುಗಳನ್ನು ಕೂಡಿಟ್ಟಿದ್ದಳು. ಮೀನಿನ ಮೇಜಿನ ಮುಂದೆ ಎಷ್ಟು ಸಲ ನನಗೇ ಹೇಳಿ ತೋರಿಸಿದ್ದಳೋ. ನಾವು ಕಾದೆವು. ಅವಳು ಮಗಳ ಗಲ್ಲ ಹಿಡಿದುಕೊಂಡಳು.

"ಏನ್ ಹೇಳ್ಲಿ ಮಗಳೇ," ಎಂದಳು. "ನಿಂಗೆ ಹೇಳೋದನ್ನೆಲ್ಲ ಶುಕ್ರವಾರವೇ ನಿಂತ್ಕೊಂಡು, ಕೈ ಎತ್ತಿ, ಹೇಳಿ ಮುಗಿಸಿದೀನಿ."

ವೆರ್ನ್ ಬೆಂಕಿಪೊಟ್ಟಣ ಕೊಟ್ಟ. ಅವಳು ಹಚ್ಚಿದಳು.