ಎಂಟನೆಯವಳಿಗೆ ಗಂಟೆ

ಯುದ್ಧದಲ್ಲಿ ಸತ್ತವರನ್ನು ನೆನೆಯುವ ನವೆಂಬರಿನ ಆ ಭಾನುವಾರ, ಚರ್ಚಿನ ಗೋಪುರದೊಳಗೆ ಗಂಟೆಯ ಹಗ್ಗ ಹಿಡಿದು ನಿಂತ ಹೆಸ್ಟರ್ ಲಾರ್ಟರಳ ಮೈಯೆಲ್ಲ ಉರಿಯುತ್ತಿತ್ತು. ಹೊರಗೆ ಸ್ಮಾರಕದ ಕಲ್ಲಿನ ಸುತ್ತ ಇಡೀ ಹಳ್ಳಿ ನೆರೆದಿತ್ತು. ಕಲ್ಲಿನ ಮೇಲೆ ಹೊಸದಾಗಿ ಕೆತ್ತಿದ ಏಳು ಹೆಸರು. ಏಳೂ ಗಂಡಸರವು. ಅವಳ ಮಗಳು ಮೇವಿಸಳದು ಇಲ್ಲ.

ಮೇವಿಸ್ ವಾಯುಪಡೆಯ ಹೆಣ್ಣುಮಕ್ಕಳ ದಳ ಸೇರಿದ್ದಳು. ಜರ್ಮನ್ ವಿಮಾನಗಳು ತಗ್ಗಿ ಬಾರದಂತೆ ಶೆಫೀಲ್ಡ್ ನಗರದ ಮೇಲೆ ಉಕ್ಕಿನ ಹಗ್ಗ ಕಟ್ಟಿ ಹಾರಿಬಿಟ್ಟಿದ್ದ ಮನೆಗಾತ್ರದ ಬಲೂನುಗಳನ್ನು ಏರಿಸಿ ಇಳಿಸುವುದು ಅವಳ ಕೆಲಸ. ನಲವತ್ತೆರಡರ ಫೆಬ್ರವರಿಯಲ್ಲಿ ಬಿರುಗಾಳಿಗೆ ಹಗ್ಗ ತುಂಡಾಗಿ ಅವಳ ಕುತ್ತಿಗೆಗೆ ಬಡಿಯಿತು. ಇಪ್ಪತ್ತೆರಡು ವರ್ಷದ ಹುಡುಗಿ. ಆಗ ಗಂಟೆ ಬಾರಿಸುವಂತಿರಲಿಲ್ಲ; ಶತ್ರು ನೆಲಕ್ಕಿಳಿದರೆ ಮಾತ್ರ ಬಾರಿಸಬೇಕೆಂದು ಸರ್ಕಾರದ ಅಪ್ಪಣೆ. ದಿಕ್ಕಿಲ್ಲದ ಭಿಕ್ಷುಕ ಸತ್ತರೂ ಗಂಟೆ ಹೊಡೆಯುವ ಊರು ಅವಳನ್ನು ಸದ್ದಿಲ್ಲದೆ ಮಣ್ಣು ಮಾಡಿತು.

ಹೋಗಲಿ, ಅದು ಯುದ್ಧಕಾಲ. ಈಗ ಎರಡು ವರ್ಷದಿಂದ ಶಾಂತಿ ಇದೆಯಲ್ಲ, ಈಗೇನು ಅಡ್ಡಿ? ಸ್ಮಾರಕ ಸಮಿತಿಯ ಯಜಮಾನ ಕರ್ನಲ್ ಪ್ರಿಡೋ ಹೇಳಿದ್ದು ಇಷ್ಟು: "ನಂಗೂ ಬೇಜಾರಿದೆ, ಮಿಸೆಸ್ ಲಾರ್ಟರ್. ಆದ್ರೆ ಅದು ಆಕ್ಸಿಡೆಂಟು ನೋಡಿ. ಶತ್ರು ಕೈಲಿ ಸತ್ತಿದ್ದಲ್ವಲ್ಲ."

ಆ ಏಳರಲ್ಲಿ ಒಂದು ಸಿರಿಲ್ ಗೆಜ್‌ನ ಹೆಸರು. ಆ ಹುಡುಗ ಶತ್ರುವಿನ ಮುಖವನ್ನೇ ಕಂಡಿರಲಿಲ್ಲ. ಕುಡಿದು ಮೋಟಾರ್‌ಸೈಕಲ್ ಓಡಿಸಿ, ತರಬೇತಿ ಶಿಬಿರದ ಗೇಟಿಗೆ ಗುದ್ದಿಕೊಂಡು ಸತ್ತವನು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಗಂಡು ಸತ್ತರೆ ವೀರಮರಣ, ಹೆಣ್ಣು ಸತ್ತರೆ ಆಕ್ಸಿಡೆಂಟು, ಇದ್ಯಾವ ಸೀಮೆ ನ್ಯಾಯ? ಸಮಿತಿಯ ಎದುರು ಹೇಳಿಬಿಡಲು ಮಾತು ಹೆಸ್ಟರಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಲ್ಲೇ ಸಿರಿಲ್‌ನ ತಾಯಿ ನೋರಾ ಕೂತಿದ್ದಳು, ಪಕ್ಕದ ಮನೆಯವಳು. ಎರಡೂ ಮನೆಯ ಮಕ್ಕಳು ಒಂದೇ ಹಿತ್ತಲಲ್ಲಿ ಆಡಿ ಬೆಳೆದಿದ್ದರು. ಹೆಸ್ಟರ್ ಮಾತು ನುಂಗಿಕೊಂಡು ಎದ್ದು ಬಂದಿದ್ದಳು. ನುಂಗಿದ್ದು ಇನ್ನೂ ಅರಗಿರಲಿಲ್ಲ.

"ಶುರು ಮಾಡು," ಎಂದ ಗಂಟೆ ಬಾರಿಸುವವರ ಮುಖ್ಯಸ್ಥ, ಮುದುಕ ವಿಲ್ಫ್ ಥರ್ಟಲ್. ಗಂಡಸರು ಸಾಲದೆ ದೊಡ್ಡ ಗಂಟೆ ಹೆಸ್ಟರಳ ಪಾಲಿಗೆ ಬಂದಿತ್ತು. ಸತ್ತವನು ಗಂಡಸಾದರೆ ಮೂರು ಮೂರರಂತೆ ಒಂಬತ್ತು ಪೆಟ್ಟು, ಹೆಂಗಸಾದರೆ ಎರಡೆರಡರಂತೆ ಆರು, ಆಮೇಲೆ ವಯಸ್ಸಿನಷ್ಟು. ಅದನ್ನು ಎಣಿಸದವರೇ ಆ ಊರಲ್ಲಿರಲಿಲ್ಲ. ಹೊಲದಲ್ಲಿ ಕೆಲಸ ಮಾಡುತ್ತಿದ್ದವರೂ ಕೈ ನಿಲ್ಲಿಸಿ, ಎಣಿಸಿ, ಹೋದವರು ಯಾರೆಂದು ಹೇಳಿಬಿಡುತ್ತಿದ್ದರು. ಇವತ್ತು ಏಳು ಜನರಿಗೆ ಬಾರಿಸಿ, ಹನ್ನೊಂದು ಗಂಟೆಗೆ ಎರಡು ನಿಮಿಷದ ಮೌನಕ್ಕೆ ನಿಲ್ಲಿಸಬೇಕಿತ್ತು.

ಏಳನೆಯದು ಮುಗಿಯಿತು.

"ಆಯ್ತು, ಹಗ್ಗ ಬಿಡು," ಎಂದ ವಿಲ್ಫ್.

"ಇನ್ನೊಬ್ಳಿದ್ದಾಳೆ."

"ಬೇಡ ಕಣೇ ಹೆಸ್ಟರ್. ಕರ್ನಲ್ ನನ್ನ ಚರ್ಮ ಸುಲೀತಾನೆ."

"ಸುಲೀಲಿ. ಆ ಸುಕ್ಕು ಚರ್ಮ ಇಟ್ಕೊಂಡು ನೀನೇನ್ ಮಾಡ್ತೀಯ? ಆಚೆ ನಿಂತ್ಕೋ."

ಹನ್ನೊಂದಾಯಿತು. ಹೊರಗೆ ಗಂಡಸರು ಟೋಪಿ ತೆಗೆದರು. ಹೆಸ್ಟರ್ ಹಗ್ಗ ಎಳೆದಳು. ಎರಡು. ಮತ್ತೆರಡು. ಮತ್ತೆರಡು.

ಊರು ಎಣಿಸಿತು. ಆದರೆ ಯಾರೂ ತುಟಿ ಎರಡು ಮಾಡುವಂತಿಲ್ಲ. ಆ ಎರಡು ನಿಮಿಷದಲ್ಲಿ ಕೆಮ್ಮಿದರೂ ಸತ್ತವರಿಗೆ ಅಪಚಾರವೆಂದು ವರ್ಷವರ್ಷವೂ ಗದರಿಸಿ ಕಲಿಸಿದವನೇ ಕರ್ನಲ್. ತೆರೆದ ಬಾಗಿಲಲ್ಲಿ ಅವನು ಕಾಣುತ್ತಿದ್ದ. ಮುಖ ಕೆಂಪಾಗಿ, ಗೂಟದ ಹಾಗೆ ನಿಂತಿದ್ದ. ನಿಂತು ಕೇಳು, ಎಂದು ಹಲ್ಲು ಕಚ್ಚಿ ಅವಳು ಒಂದೊಂದೇ ಪೆಟ್ಟು ಹೊಡೆದಳು. ಇಪ್ಪತ್ತೆರಡೂ ಹೊಡೆದಳು.

ಮೌನ ಮುಗಿದದ್ದೇ ತಡ, ಕರ್ನಲ್ ಒಳಗೆ ನುಗ್ಗಿದ. "ಸತ್ತವರಿಗೆ ಅವಮಾನ ಮಾಡಿದ್ರಿ ನೀವು!"

"ಅವಳೂ ಸತ್ತಿದ್ದಾಳೆ, ಸಾಹೇಬ್ರೇ. ಯೂನಿಫಾರ್ಮ್ ಹಾಕ್ಕೊಂಡೇ ಸತ್ತಿದ್ದಾಳೆ. ಅದನ್ನ ಕಾಗದದಲ್ಲಿ ಸುತ್ತಿ ನಂಗೆ ಕಳಿಸಿದ್ರು. ಕಾಲರ್ ಒಗೆದವಳು ನಾನು."

"ಅದು ಆಕ್ಸಿಡೆಂಟು ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?"

"ನನ್ನ ಮಗಂದೂ ಆಕ್ಸಿಡೆಂಟೇ."

ಬಾಗಿಲಲ್ಲಿ ನೋರಾ ಗೆಜ್ ನಿಂತಿದ್ದಳು.

"ಮಿಸೆಸ್ ಗೆಜ್, ಅದನ್ನ ಇಲ್ಲಿ ಯಾರೂ ಕೇಳ್ಲಿಲ್ಲ," ಎಂದ ಕರ್ನಲ್.

"ಕೇಳ್ಲಿಲ್ಲ, ಅದಕ್ಕೇ ನಾನೂ ಬಾಯಿ ಮುಚ್ಕೊಂಡಿದ್ದೆ. ಎಲ್ಲಿ ಅವನ ಹೆಸರು ತೆಗೆದುಬಿಡ್ತೀರೋ ಅಂತ ಭಯ. ಕುಡಿದಿದ್ದ ಸಾಹೇಬ್ರೇ, ನಿಮಗೂ ಗೊತ್ತು. ಆ ಹುಡುಗಿ ಹೆಸರು ಕೆತ್ತಿಸಿ, ಇಲ್ದಿದ್ರೆ ಅವನದನ್ನೂ ಅಳಿಸಿ."

ಹೆಸ್ಟರಳ ಸಿಟ್ಟು ಇಳಿಯಲಿಲ್ಲ. ಇಷ್ಟು ದಿನ ಈ ಬಾಯಿ ಎಲ್ಲಿತ್ತು ಎಂದು ನೋರಾಳ ಮೇಲೂ ಉಕ್ಕಿ ಬಂತು. ಆದರೂ ಗೋಡೆ ಬದಿಯ ಬೆಂಚಿಗೆ ಹೋಗಿ ಕೂತು, ಸರಿದು, ಪಕ್ಕದಲ್ಲಿ ಅವಳಿಗೆ ಜಾಗ ಮಾಡಿದಳು. ನೋರಾ ಬಂದು ಕೂತಳು.

"ಸಿರಿಲ್‌ದು ಅಳಿಸೋದು ಬೇಡ. ಅವನೂ ನನ್ನ ಕೈಲಿ ಉಂಡ ಹುಡುಗ," ಎಂದಳು ಕರ್ನಲ್‌ಗೆ. "ಅವನ ಕೆಳಗೆ ಮೇವಿಸ್ ಲಾರ್ಟರ್ ಅಂತ ಹಾಕ್ಸಿ. ಗಂಡಸರಿಗೆಲ್ಲ ಹಾಕಿದ್ದೀರಲ್ಲ, ಹಾಗೇ ಹುದ್ದೆ ಸಮೇತ. ಈಗ್ಲೇ ಬರ್ಕೊಳ್ಳಿ. ನೀವು ಬರೆಯೋ ತನಕ ನಾವಿಬ್ರೂ ಇಲ್ಲಿಂದ ಏಳಲ್ಲ."

ಕರ್ನಲ್ ಇಬ್ಬರನ್ನೂ ನೋಡಿದ. ಆಮೇಲೆ ಕೋಟಿನ ಜೇಬಿನಲ್ಲಿ ಪೆನ್ಸಿಲಿಗಾಗಿ ತಡಕಾಡಿದ.