ಒಳಗಿನಿಂದ ತೆರೆಯುವ ಬಾಗಿಲು

ಕೋಲ್ಡ್ ಸ್ಟೋರೇಜಿನ ಮೂರನೇ ಕೋಣೆಯಲ್ಲಿ ಅವಳು ಹಣ್ಣಿನ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದಳು. ಹಿಂದೆ ಬಾಗಿಲು ಮುಚ್ಚಿದ ಸದ್ದಾದಾಗ ತಿರುಗಿಯೂ ನೋಡಲಿಲ್ಲ. ಹೊರಗಡೆ ಕೊಂಡಿ ಬಿದ್ದ ಸದ್ದು ಕೇಳಿದ ಮೇಲೆ ಪೆಟ್ಟಿಗೆ ಬಿಟ್ಟು ಬಾಗಿಲಿಗೆ ಓಡಿದಳು.

ಅವಳಪ್ಪ ಬೀಗ ರಿಪೇರಿ ಮಾಡುತ್ತಿದ್ದವನು. ಅವನ ಕೈಚಳಕ ಮಗಳಿಗೂ ಬಂದಿತ್ತು. ಛತ್ರಿಯಾಗಲಿ, ತಕ್ಕಡಿಯಾಗಲಿ, ಏನು ಕೆಟ್ಟರೂ ಅವಳ ಮುಂದೆ ತಂದಿಡುತ್ತಿದ್ದರು. ಹಾಗಾಗಿ ಅಲ್ಲಿ ಎಲ್ಲರಿಗೂ ಅವಳು ರಿಪೇರಿ ಅಕ್ಕ. ಆದರೆ ಈ ಬಾಗಿಲಿನ ಒಳಮೈಯಲ್ಲಿ ರಿಪೇರಿ ಮಾಡಲು ಏನೂ ಇರಲಿಲ್ಲ. ನುಣ್ಣನೆಯ ತಗಡು. ಅಂಗೈಯಿಂದ ಸವರುತ್ತಾ ಹೋದಳು, ಒಂದು ಮೊಳೆಯ ತಲೆ ಕೂಡ ಸಿಗಲಿಲ್ಲ.

ಕೂಗಿದಳು. ಬಾಗಿಲು ಗೇಣು ದಪ್ಪ, ಮೇಲೆ ಫ್ಯಾನಿನ ಭೋರ್ಗರೆತ. ಹೊರಗೆ ಎಲ್ಲರೂ ಊಟಕ್ಕೆ ಕೂತಿದ್ದರು. ಗೋಣಿಚೀಲ ಹೊದ್ದುಕೊಂಡು ಅತ್ತಿಂದಿತ್ತ ನಡೆದಳು, ನಿಂತಲ್ಲೇ ಕುಣಿದಳು. ಸ್ವಲ್ಪ ಹೊತ್ತಿಗೆ ಬೆರಳುಗಳು ಯಾರದೋ ಬೆರಳುಗಳಂತಾದವು, ಮಡಚಲೇ ಆಗಲಿಲ್ಲ.

ಅವಳ ಊಟದ ಡಬ್ಬಿ ಮುಚ್ಚಿದ ಹಾಗೇ ಇರುವುದನ್ನು ನೋಡಿದವಳು ನಾದಿನಿ, ಅಂದರೆ ಗಂಡನ ತಂಗಿ. ಅವಳೂ ಅಲ್ಲೇ ಕೆಲಸಕ್ಕಿದ್ದಳು. ಒಂದೊಂದೇ ಕೋಣೆ ತೆಗೆದು ನೋಡುತ್ತಾ ಬಂದು ಮೂರನೆಯದರಲ್ಲಿ ಚೀರಿದಳು.

"ಅಯ್ಯೋ ಅತ್ತಿಗೆ! ತುಟಿಯೆಲ್ಲ ನೀಲಿ ತಿರುಗಿದೆಯಲ್ಲ!"

ಒಳಗಿದ್ದದ್ದು ಐವತ್ತು ನಿಮಿಷ. ಮ್ಯಾನೇಜರ್ ಬಂದು, "ಒಳಗೆ ಹೋಗ್ತೀನಿ ಅಂತ ಒಂದು ಮಾತು ಹೇಳಿ ಹೋಗಬಾರದಾ?" ಅಂದ. ವಿಚಾರಣೆ ಅಷ್ಟಕ್ಕೇ ಮುಗಿಯಿತು.

ಜ್ವರದಲ್ಲಿ ಎರಡು ದಿನ ಮಲಗಿದಳು. ಕೆಲಸ ಬಿಡುವ ಹಾಗಿರಲಿಲ್ಲ. ವ್ಯಾನ್ ಓಡಿಸುತ್ತಿದ್ದ ಗಂಡ ಕಾಲು ಮುರಿದುಕೊಂಡು ಮಂಚ ಹಿಡಿದಿದ್ದ. ಮೂರನೇ ದಿನ ಅಡುಗೆಮನೆಯ ನೆಲದ ಮೇಲೆ ಒಂದು ಕಬ್ಬಿಣದ ಸರಳು, ಹಳೇ ಸೈಕಲ್ಲಿನ ಸ್ಪ್ರಿಂಗು, ಪ್ಲಾಸ್ಟಿಕ್ ಪೈಪಿನ ತುಂಡು ಹರಡಿಕೊಂಡು ಕೂತಳು.

"ಏನೇ ಅದು?" ಗಂಡ ಮಂಚದಿಂದಲೇ ಕೇಳಿದ.

"ಬಾಗಿಲಿನ ಆಚೆಗೆ ಒಂದು ಕೈ. ಒಳಗಿನಿಂದ ಸರಳು ತಳ್ಳಿದರೆ ಹೊರಗಡೆ ಕೊಂಡಿ ಮೇಲಕ್ಕೇಳಬೇಕು."

"ತಿರುಗಿಸೋ ಹಿಡಿ ಹಾಕು, ಸುಲಭ."

"ಬೆರಳು ಮರಗಟ್ಟಿದರೆ ತಿರುಗಿಸೋದು ಹೇಗೆ? ಮೊಣಕೈ ಸಾಕು, ಸೊಂಟ ಸಾಕು, ಮೈ ಒರಗಿಸಿದರೆ ತೆರೀಬೇಕು." ತುದಿಗೆ ತಟ್ಟೆಯಗಲದ ಮರದ ಹಲಗೆ ಕೂಡಿಸಿದಳು.

ಮ್ಯಾನೇಜರ್ ರಜೆಯಲ್ಲಿದ್ದ ದಿನ ಅತ್ತಿಗೆ ನಾದಿನಿ ಸೇರಿ ಮೂರನೇ ಕೋಣೆಯ ಬಾಗಿಲು ಕೊರೆದರು. ಮೊದಲ ಸಲ ಸರಳಿನ ಸುತ್ತ ಮಂಜುಗಡ್ಡೆ ಕಟ್ಟಿ ಅಲ್ಲಾಡಲಿಲ್ಲ. ಪೈಪಿನೊಳಗೆ ಮೇಣ ಸವರಿದ ಮೇಲೆ ಸರಾಗವಾಯಿತು. ನಾದಿನಿ ಒಳಗೆ ಹೋಗಿ ಹಲಗೆಗೆ ಬೆನ್ನು ತಾಗಿಸಿದ್ದೇ ತಡ, ಬಾಗಿಲು ತೆರೆದು ಹೊರಗೆ ಮುಗ್ಗರಿಸಿದಳು. ಇಬ್ಬರೂ ನಕ್ಕು ನಕ್ಕು ಸುಸ್ತಾದರು.

ಮರುದಿನ ಮ್ಯಾನೇಜರ್ ಕೆಂಡವಾದ. "ಕಂಪನಿ ಬಾಗಿಲಿಗೆ ತೂತು ಕೊರೀತೀರಾ? ಬೇಕಾದಾಗ ಹೊರಗೆ ಬರೋಕೆ ಇದೇನು ನಿಮ್ಮ ಮನೆ ಅಂಗಳನಾ?" ಎಲ್ಲ ಕೀಳಿಸಿ ಮೂಲೆಗೆ ಹಾಕಿಸಿದ. ಅವಳು ಅದೇ ಕೋಣೆಗೆ ಮತ್ತೆ ಹೋಗಬೇಕಾಯಿತು. ಪೆಟ್ಟಿಗೆ ಎತ್ತುವಾಗಲೂ ಕಣ್ಣು ಬಾಗಿಲ ಮೇಲೇ.

ತೂತು ಮುಚ್ಚಲು ಬಾಗಿಲು ಮಾಡುವ ಕಂಪನಿಯವನೊಬ್ಬ ಬಂದ. ಮೂಲೆಯಲ್ಲಿದ್ದ ಸರಳನ್ನು ತಿರುಗಿಸಿ ತಿರುಗಿಸಿ ನೋಡಿ, "ಯಾರು ಮಾಡಿದ್ದು ಇದನ್ನ?" ಅಂದ. ಮ್ಯಾನೇಜರ್ ಅವನ ಹೆಗಲ ಮೇಲೆ ಕೈ ಹಾಕಿ ಆಫೀಸಿಗೆ ಕರೆದುಕೊಂಡು ಹೋದ.

ತಿಂಗಳಾದ ಮೇಲೆ ಮ್ಯಾನೇಜರ್ ಅವಳನ್ನು ಆಫೀಸಿಗೆ ಕರೆಸಿದ. ಮೇಜಿನ ಮೇಲೆ ಬಾಗಿಲಿನ ಕಂಪನಿಗೆ ಕೊಡಬೇಕಾದ ಕಾಗದ. ಉಪಕರಣವನ್ನು ಕಂಡುಹಿಡಿದವರು ಮ್ಯಾನೇಜರ್, ಅವರು ಹೇಳಿದಂತೆ ಜೋಡಿಸಿದವಳು ನಾನು ಎಂದು ಬರೆದಿತ್ತು. ಕೆಳಗೆ ಅವಳ ಸಹಿಗೆ ಜಾಗ. ಅವಳು ಎರಡು ಸಲ ಓದಿದಳು.

"ಇದು ನಾನು ಮಾಡಿದ್ದು ಸಾರ್."

"ಕೆಲಸ ಬೇಕಾ, ಬೇಡವಾ?"

"ಬೇಕು. ಅದಕ್ಕೇ ಕೇಳ್ತೀನಿ, ನಾಲ್ಕೂ ಕೋಣೆಗೆ ಇದನ್ನ ಹಾಕಿಸ್ತೀರಾ?"

"ನೋಡೋಣ, ಮೊದಲು ಸಹಿ ಮಾಡು."

"ನೋಡೋಣ ಅಂದರೆ ಆಗಲ್ಲ. ಹಾಕಿಸಿದ ದಿನ ಸಹಿ."

ಒಂಬತ್ತು ದಿನ ಅವನು ಅವಳ ಮುಖ ನೋಡಲಿಲ್ಲ. ಬಾಗಿಲಿನ ಕಂಪನಿಯವರು ಅವಸರ ಮಾಡಿದರೋ ಏನೋ, ಹತ್ತನೇ ದಿನ ಕೆಲಸದವರು ಬಂದು ನಾಲ್ಕೂ ಬಾಗಿಲಿಗೆ ಸರಳು ಕೂಡಿಸಿದರು. ಅವಳು ನಾಲ್ಕೂ ಕೋಣೆಯೊಳಗೆ ಹೋಗಿ, ಬಾಗಿಲು ಹಾಕಿಸಿಕೊಂಡು, ತಾನೇ ತಳ್ಳಿ ಹೊರಬಂದಳು. ಆಮೇಲೆ ಸಹಿ ಮಾಡಿದಳು.

"ಹೆಸರು ಬಿಟ್ಟುಕೊಟ್ರಲ್ಲ ಅತ್ತಿಗೆ!" ನಾದಿನಿ ಸಿಡುಕಿದಳು.

"ಮತ್ತೇನು ಮಾಡಬೇಕಿತ್ತು, ಹೇಳು?"

ನಾದಿನಿ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಹೊರಟಳು.

ಪೇಪರಿನಲ್ಲಿ ಮ್ಯಾನೇಜರನ ಫೋಟೋ ಬಂತು. ಸರಳನ್ನು ಹಿಂದುಮುಂದಾಗಿ ಹಿಡಿದು ನಿಂತಿದ್ದ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಒಂದನೇ ಕೋಣೆಯಲ್ಲಿ ಹಮಾಲಿ ಹೆಂಗಸೊಬ್ಬಳು ಇರುವಾಗಲೇ ಯಾರೋ ಹೊರಗಿನಿಂದ ಬಾಗಿಲು ಹಾಕಿದರು. ಮರುಕ್ಷಣ ಆಕೆ ಸೊಂಟದಿಂದ ಬಾಗಿಲು ತಳ್ಳಿ, ಪೆಟ್ಟಿಗೆ ಸಮೇತ ಹೊರಬಂದು, ಬಾಗಿಲು ಹಾಕಿದವನ ಏಳು ತಲೆಮಾರನ್ನು ಬೈದಳು. ಎಲ್ಲರೂ ನಕ್ಕರು, ರಿಪೇರಿ ಅಕ್ಕನೂ ನಕ್ಕಳು. ಆಮೇಲೆ ನಲ್ಲಿಯ ಹತ್ತಿರ ಹೋಗಿ ತುಂಬಾ ಹೊತ್ತು ಮುಖ ತೊಳೆದಳು. ಬೆಲ್ ಹೊಡೆಯಿತು. ಸ್ವೆಟರ್ ಹಾಕಿಕೊಂಡು ಒಳಗೆ ಹೋದಳು.